ಕಡಾಯಿ ಇಡದ ಮನೆಯ ತಿನಿಸು

ಬಬಲೇಶ್ವರದ ನಮ್ಮ ಓಣಿಯಲ್ಲಿ ಸಕ್ರವ್ವ ಎಂಬಾಕೆ ಇದ್ದಳು. ಗಂಡ ಸತ್ತ ಮೇಲೆ ಟಿಕೋಟಾದ ತವರಿಗೂ ಹೋಗದೆ ಒಬ್ಬಳೇ ಉಳಿದವಳು. ಮಕ್ಕಳಿರಲಿಲ್ಲ. ಆದರೂ ಯಾರ ಮನೆಯ ಕೂಸು ಊಟ ಬಿಟ್ಟರೂ ಇವಳನ್ನೇ ಕರೆಯುತ್ತಿದ್ದರು. ಅವಳು ತಾನೇ ಏನನ್ನೂ ಮಾಡಿಕೊಡುತ್ತಿರಲಿಲ್ಲ. ಹೆತ್ತವರನ್ನೂ ಮಗುವನ್ನೂ ಎದುರುಬದುರು ಕೂರಿಸಿ ಅವರ ಕೈಯಿಂದಲೇ ಮಾಡಿಸುತ್ತಿದ್ದಳು.

ಅದು ದೊಡ್ಡ ಯುದ್ಧದ ಕಾಲ. ಕುರಿ ಕಾಯುವ ಸಿದ್ದರಾಯನ ಹೆಂಡತಿ ಜ್ವರದಲ್ಲಿ ತೀರಿಕೊಂಡಳು. ಮಗಳು ಹುಚ್ಚವ್ವ ಇನ್ನೂ ಸಣ್ಣವಳು, ರೊಟ್ಟಿ ಮುಟ್ಟದಾದಳು. ಸಾವಾದ ಮನೆಯಲ್ಲಿ ವರ್ಷ ತುಂಬುವ ತನಕ ಒಲೆಯ ಮೇಲೆ ಎಣ್ಣೆಯ ಕಡಾಯಿ ಇಡುವುದಿಲ್ಲ, ಅದು ನಮ್ಮವರ ರೂಢಿ. ಸಿದ್ದರಾಯ ಅದನ್ನೇ ಹಿಗ್ಗಿಸಿ, ಮನೆಯಲ್ಲಿ ಯಾವ ತಿನಿಸೂ ಆಗಬಾರದು ಎಂದುಕೊಂಡ. ಉಣ್ಣೆ ಮಾರಲು ವಿಜಾಪುರಕ್ಕೆ ಹೋದಾಗ ಸಕ್ಕರೆಯ ಬತ್ತಾಸು ತರುತ್ತಿದ್ದ. ಹುಡುಗಿ ಅದನ್ನೇ ಚೀಪುತ್ತ ಬಾಗಿಲಲ್ಲಿ ಕೂತಿರುತ್ತಿದ್ದಳು. ತೋಳು ಕಡ್ಡಿಯಾದವು. ಅವನ ಅಕ್ಕ ಲಕ್ಕವ್ವ ಘೋಣಸಗಿಯಿಂದ ಹೇಳಿ ಕಳಿಸಿದಳು: ಹುಣ್ಣಿಮೆ ಕಳೆದ ಮೇಲೆ ಗಾಡಿ ತರುತ್ತೇನೆ, ಕೂಸನ್ನು ನಾನೇ ಸಾಕುತ್ತೇನೆ.

ಸಿದ್ದರಾಯ ಸಕ್ರವ್ವನ ಅಂಗಳಕ್ಕೆ ಬಂದು ನಿಂತ.

“ಆಕಿನೂ ಹೋದ್ರ ನಾ ಯಾರ ಮಾರಿ ನೋಡ್ಲಿ ಬೇ?”

“ಮಾರಿ ನೋಡೂದು ಆಮ್ಯಾಲ. ಮೊದಲ ಕೈ ತೊಳಕೋ ನಡಿ.”

ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ ನಾನೂ ಅವರ ಹಿಂದೆಯೇ ಸಿದ್ದರಾಯನ ಮನೆಗೆ ಹೋದೆ. ಒಲೆಯ ಮುಂದೆ ಅವನು ಮತ್ತೆ ತಡೆದ: “ಕಡಾಯಿ ಇಡಾಂಗಿಲ್ಲಲ್ಲ ಯವ್ವಾ.”

“ಕಡಾಯಿ ಯಾರ ಕೇಳ್ಯಾರೋ ಯಪ್ಪಾ? ಕಾಳ ನೆನಸಾಕ ಕಡಾಯಿ ಬೇಕೇನು? ರೊಟ್ಟಿ ಹಂಚಿನಾಗ ಶೇಂಗಾ ಹುರಿದ್ರ ಹುರಿಯಾಂಗಿಲ್ಲೇನು?”

ಹುಡುಗಿಯ ಮುಂದೆ ಎರಡು ಬಟ್ಟಲು ಇಟ್ಟಳು. ಒಂದರಲ್ಲಿ ಹೆಸರುಕಾಳು, ಇನ್ನೊಂದರಲ್ಲಿ ಮಡಕಿ ಕಾಳು. “ಯಾವುದು ಬೇಕ ಹೇಳವ್ವಾ.” ಅಪ್ಪ ಕೈ ಚಾಚಿದ. “ನಿನ್ನ ಕೇಳಿಲ್ಲ ನಾ,” ಎಂದು ಸಕ್ರವ್ವ ಅವನ ಕೈಗೆ ಹೊಡೆದಳು. ಬಹಳ ಹೊತ್ತಾದ ಮೇಲೆ ಹುಡುಗಿ ಮಡಕಿಯ ಬಟ್ಟಲಲ್ಲಿ ಬೆರಳು ಊರಿದಳು.

ಸಂಜೆ ನೆನೆಹಾಕುವುದು, ಬೆಳಿಗ್ಗೆ ನೀರು ಬಸಿದು ಹಸಿ ಬಟ್ಟೆಯಲ್ಲಿ ಕಟ್ಟುವುದು, ಮರುದಿನ ಬಿಚ್ಚುವುದು. ಗಂಟು ಬಿಚ್ಚುವ ಕೆಲಸ ಹುಡುಗಿಯದೇ.

“ಅಪ್ಪಾ, ಬಾಲ ಬಂದಾವ!”

ತಾಯಿ ಸತ್ತ ಮೇಲೆ ಆ ಮನೆಯಲ್ಲಿ ಅಷ್ಟು ಗಟ್ಟಿಯಾದ ಮಾತು ಕೇಳಿದ್ದು ಅದೇ ಮೊದಲು. ಮೊಳಕೆಗೆ ಬೆಲ್ಲ ಕಲಸಿ ಒಂದು ಹಿಡಿ ತಿಂದಳು.

ಅಂದಿನಿಂದ ಕುರಿ ಹಟ್ಟಿಗೆ ಬಂದ ಮೇಲೆ ತಂದೆ ಮಗಳು ಕೂತು, ಮುಂದಿನದು ಯಾವ ಕಾಳು, ಎಳ್ಳೋ ಶೇಂಗಾವೋ ಎಂದು ಗೊತ್ತು ಮಾಡುತ್ತಿದ್ದರು. ಗಂಡಸು ಒರಳಿನಲ್ಲಿ ಶೇಂಗಾ ಕುಟ್ಟುವುದು ನೋಡಿ ನೆರೆಮನೆಯ ಸಂಗಣ್ಣ ಕೇಳಿದ, “ಏನಲೇ ಸಿದ್ದರಾಯಾ, ಸೀರಿ ಯಾವಾಗ ಉಡ್ತೀ?”

“ನಿನ್ನ ಹೆಣ್ತಿದ ಒಂದ ಕೊಟ್ಟ ಕಳಸು, ಇವತ್ತ ಉಡ್ತೀನಿ.”

ಹುಣ್ಣಿಮೆ ಕಳೆಯಿತು, ಲಕ್ಕವ್ವ ಗಾಡಿ ತಂದಳು. ಹುಡುಗಿ ಶೇಂಗಾ ಉಂಡಿ ತಂದು ಕೈಗಿಟ್ಟಳು. ಅದು ಅಲ್ಲೇ ಒಡೆದು ಸೆರಗಿನ ಮೇಲೆ ಉದುರಿತು.

“ಇದೇನ ಉಂಡಿನೋ ಉಸುಕೋ? ಬೆಲ್ಲ ಕಡಿಮಿ ಆಗೇದ.”

“ಅಪ್ಪ ಕುಟ್ಟ್ಯಾನ, ನಾ ಕಟ್ಟೇನಿ. ತಿನ್ನು ಅತ್ತಿ.”

ಲಕ್ಕವ್ವ ಸೆರಗಿನ ಮೇಲಿನದನ್ನೆಲ್ಲ ಆರಿಸಿ ತಿಂದಳು. ಈಗ ಕೊಂಚ ತುಂಬಿದ್ದ ಹುಡುಗಿಯ ತೋಳು ಹಿಡಿದು ನೋಡಿದಳು. “ಬರ್ತೀಯೇನ ನನ್ನ ಸಂಗಾಟ?”

“ನಾಳೆ ಗಂಟ ಬಿಚ್ಚಬೇಕ. ನಾ ಬರಾಂಗಿಲ್ಲ.”

ಲಕ್ಕವ್ವ ತಮ್ಮನ ಮುಖ ನೋಡಿದಳು. ಹೊತ್ತಿಳಿದ ಮೇಲೆ ಗಾಡಿ ಬರಿದಾಗಿಯೇ ಹೊರಟಿತು.

ನನ್ನ ಜೊತೆ ಬಂದಿದ್ದ ಸಕ್ರವ್ವ ಅಷ್ಟು ಹೊತ್ತೂ ಗೋಡೆಗೆ ಒರಗಿ ನಿಂತೇ ಇದ್ದಳು. “ನಾಳೆ ಬರ್ಲೇನೋ?” ಎಂದು ಕೇಳಿದಳು.

“ಯಾಕ ತ್ರಾಸ ತಗೋತಿ ಬೇ, ಈಗ ನಮಗ ಎಲ್ಲಾ ಬರ್ತದ,” ಎಂದ ಸಿದ್ದರಾಯ. ಸಂತೋಷದಿಂದಲೇ ಅಂದ ಮಾತು.

ನಾನೂ ಸಕ್ರವ್ವನೂ ಹೊರಬಿದ್ದೆವು. ನಮ್ಮ ಬಾಗಿಲಿಗೆ ಬಂದಾಗ, ಉಂಡು ಹೋಗು ಎಂದೆ. “ಹಸಿವಿಲ್ಲ ತಂಗಿ,” ಎಂದು ಅವಳು ನಿಲ್ಲದೆ ನಡೆದಳು.