ಕೀಲೆಣ್ಣೆ ಮತ್ತು ಕೆಂಪು ದೀಪ

ಇವತ್ತು ಬೆಳಿಗ್ಗೆ ಬಾಗಿಲ ಮುಂದೆ ಎತ್ತಿನ ಗಾಡಿಯೊಂದು ಹಾದುಹೋಯಿತು ನೋಡಿ, ಕೀಲೆಣ್ಣೆಯ ವಾಸನೆ ಘಮ್ಮೆಂದು ಒಳಗೆ ಬಂತು. ಘಮ್ಮೆಂದದ್ದು ನನ್ನ ಮೂಗಿಗೆ ಮಾತ್ರ. ಸೊಸೆ ಮೂಗು ಮುಚ್ಚಿಕೊಂಡಳು. ನನಗೆ ಮಹಾರಾಜರ ಕಾಲದ ನಮ್ಮ ನರಸೀಪುರದ ಮನೆ, ಕೊಟ್ಟಿಗೆಯಲ್ಲಿ ನಿಂತಿದ್ದ ಹಳೇ ಕಾರು, ಅದರಡಿಯಿಂದ ಹೊರಗೆ ಚಾಚಿದ್ದ ನಮ್ಮ ಯಜಮಾನರ ಕಾಲು, ಎಲ್ಲ ಕಣ್ಣಿಗೆ ಕಟ್ಟಿತು. ಮದುವೆಯಾದ ಹೊಸತರಲ್ಲಿ ನಾನು ಅವರ ಮುಖಕ್ಕಿಂತ ಕಾಲು ನೋಡಿದ್ದೇ ಹೆಚ್ಚು.

ಎತ್ತು ಮಾರಿ ತಂದ ಕಾರು ಅದು. ಅತ್ತೆಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಹಿಂದೊಮ್ಮೆ ಅದನ್ನು ನಂಬಿ ಹೋಗಿ, ಮದುವೆಮನೆಯಲ್ಲಿ ಊಟದ ಎಲೆ ಎತ್ತಿದ ಮೇಲೆ ಇಳಿದಿದ್ದರು. ಆಮೇಲೆ ಬಂತು ನಂಜನಗೂಡಿನಲ್ಲಿ ಅವರ ತಂಗಿಯ ಮಗಳ ಮದುವೆ.

"ಈ ಸಲ ಧಾರೆ ತಪ್ತೋ, ಇದ್ನ ಮಾರ್ಬುಟ್ಟು ಒಂದ್ ಜೊತೆ ಎತ್ತು ತರ್ಬೇಕು" ಎಂದು ಮಗನಿಂದ ಭಾಷೆ ತೆಗೆದುಕೊಂಡರು. ಪಾಪ, ಯಜಮಾನರ ಮುಖ ಇಷ್ಟಾಯಿತು. ಆ ಕಾರೆಂದರೆ ಅವರಿಗೆ ಪ್ರಾಣ.

ಫ್ಯಾನ್ ಬೆಲ್ಟು ಹರಿಯುವ ಹಾಗಿತ್ತು. ಹಿಂದಿನ ದಿನ ತಾವೇ ಹೊಸದು ಹಾಕಿದರು. ಮಿಸ್ತ್ರಿಯನ್ನು ಕರೆಸಿ ಎಂದರೆ, "ಇದೇನ್ ಬ್ರಹ್ಮವಿದ್ಯೆನಾ?" ಎಂದರು.

ಹೊರಟೆವು. ಸ್ಟೇರಿಂಗಿನ ಮುಂದೆ ಪುಟ್ಟದೊಂದು ಕೆಂಪು ದೀಪ. ಇಂಜಿನ್ ಓಡತೊಡಗಿದ ಮೇಲೆ ಅದು ನಂದಬೇಕು. ನಂದದಿದ್ದರೆ ಬ್ಯಾಟರಿಗೆ ಕರೆಂಟು ಹೋಗುತ್ತಿಲ್ಲವೆಂದು ಅರ್ಥ. ಅದು ಜಗ್ಗೆಂದು ಉರಿಯುತ್ತಲೇ ಇತ್ತು.

"ಇದ್ಯಾಕೆ ಆರ್ತಿಲ್ಲ?" ಎಂದು ಯಜಮಾನರು ಗೊಣಗಿದ್ದೇ ತಡ, ಅತ್ತೆ ಹಿಂದಿನಿಂದ, "ಬುಡ್ತು ಅನ್ನು! ಮದ್ವೆಗೆ ಓಗೋವಾಗ ದೀಪ ಆರ್ಲಿ ಅಂತಾರ್ಲಾ? ಉರೀಲಿ ಬುಡು" ಎಂದು ಗದರಿ, ಆ ಕೆಂಪು ದೀಪಕ್ಕೊಂದು ಕೈ ಮುಗಿದರು.

ಹೆಡತಲೆ ಹತ್ತಿರ ಮೂತಿಯಿಂದ ಹಬೆ ಎದ್ದು ಕಾರು ನಿಂತಿತು. ಯಜಮಾನರು ವೈರು ಎಳೆದರು, ಬಲ್ಬು ಬಿಚ್ಚಿ ಊದಿದರು. ಏನು ಮಾಡಿದರೂ ಅಷ್ಟೇ. ಹಿಂದೆ ಬಂದ ಗಾಡಿಯವನು, "ಎತ್ತು ಕಟ್ಲಾ ಸೋಮಿ?" ಎಂದು ಕಿಸಕ್ಕೆಂದ. ಅತ್ತೆ ಆಗಲೇ ಇಳಿದು ಅವನ ಎತ್ತಿನ ಹಲ್ಲು ನೋಡುತ್ತಿದ್ದರು!

ನನಗೆ ಆಗ ಕಾರಿನ ವಿಷಯ ಏನೇನೂ ಗೊತ್ತಿರಲಿಲ್ಲ. ಸುಮ್ಮನೆ ಬಗ್ಗಿ ನೋಡಿ, "ಬೆಲ್ಟ್ ಯಾಕ್ರೀ ಇಷ್ಟು ಮಿಂಚ್ತದೆ?" ಎಂದೆ.

"ತಿರುಗೋದಲ್ವಾ? ಕೀಲೆಣ್ಣೆ ಬಳಿದೆ."

ಗಾಡಿ ಮನೆತನದ ಬುದ್ಧಿ! ತಿರುಗುವುದೆಲ್ಲ ಎಣ್ಣೆ ಕೇಳುತ್ತದೆಂದು ನಂಬಿದವರು. ಎಣ್ಣೆಗೆ ಜಾರಿ ಬೆಲ್ಟು ಫ್ಯಾನನ್ನೂ ತಿರುಗಿಸುತ್ತಿರಲಿಲ್ಲ, ಕರೆಂಟನ್ನೂ ಹುಟ್ಟಿಸುತ್ತಿರಲಿಲ್ಲ. ನಾನು ನಗಲಾರದೆ ಸೆರಗು ಕಚ್ಚಿಕೊಂಡೆ. ಆಮೇಲೆ ಟ್ರಂಕು ತೆಗೆದು, ಮದುವೆಮನೆಯಲ್ಲಿ ತಲೆಗೆ ಹಾಕಿಕೊಳ್ಳಲು ತಂದಿದ್ದ ಸೀಗೆಪುಡಿಯನ್ನು ಹೊಟ್ಟೆ ಉರಿಸಿಕೊಂಡೇ ಕೊಟ್ಟೆ. ಹಳ್ಳದ ನೀರು ತಂದು ಬೆಲ್ಟು, ಚಕ್ರ ಎಲ್ಲ ತಿಕ್ಕಿ ತೊಳೆದು ಒರೆಸಿದರು. ಕಾರಿಗೇ ಎಣ್ಣೆಸ್ನಾನ!

ಇಂಜಿನ್ ಶುರುವಾಯಿತು. ಕೆಂಪು ದೀಪ ಪಕ್ಕನೆ ಹೋಯಿತು. "ಆರೋಯ್..." ಎಂದು ಕೂಗಲು ಹೊರಟ ಯಜಮಾನರು ತಾಯಿಯ ಮುಖ ನೋಡಿ ನುಂಗಿಕೊಂಡರು. "ಸಾಂತವಾಯ್ತು ಅವ್ವಾ, ದೀಪ ಸಾಂತವಾಯ್ತು!"

ನಾವು ಇಳಿದಾಗ ಗಂಡುಹೆಣ್ಣು ಆಗತಾನೇ ಹಸೆಗೆ ಬರುತ್ತಿದ್ದರು. ಯಜಮಾನರು ಕೈ ತೊಳೆಯಲು ಬಾವಿಯ ಕಡೆ ಹೋದರು. ಚಪ್ಪರದಲ್ಲಿ ತಂಗಿ, "ಯಾವುದ್ರಲ್ ಬಂದ್ಯಕ್ಕ?" ಎಂದದ್ದಕ್ಕೆ ಅತ್ತೆ ಹತ್ತು ಜನಕ್ಕೆ ಕೇಳುವಂತೆ, "ನನ್ ಮಗ ಕಾರಲ್ಲಿ ಕರ್ಕೊಂಡ್ ಬಂದ. ಏನ್ ಕೆಟ್ರೂ ಅವ್ನೇ ರಿಪೇರಿ ಮಾಡ್ತಾನೆ, ಅಂಥಾ ಕೈ ಅವ್ನುದು" ಎಂದರು.

ಇಷ್ಟು ಬರೆದು, ನಗಿಸೋಣವೆಂದು ಜಗಲಿಯಲ್ಲಿದ್ದ ಯಜಮಾನರಿಗೆ ಓದಿ ಹೇಳಿದೆ. ಸೀಗೆಪುಡಿಗೆ ಅವರು ನಗಲೇ ಇಲ್ಲ.

"ಅವ್ವ ಅಂಗಂದ್ಲಾ? ಇಷ್ಟು ವರ್ಸ ಏಳ್ಲೇ ಇಲ್ವಲ್ಲೇ ನೀನು."

ಹೇಳಿದ್ದೇನೆಂದೇ ಅಂದುಕೊಂಡಿದ್ದೆ. ಅವರು ಹತ್ತಿರ ಸರಿದು ಕೂತರು.

"ಅದೊಂದ್ನ ಇನ್ನೊಂದ್ಸಲ ಓದು. ಜೋರಾಗ್ ಓದು."