ಬಿಟ್ಟವರ ಬೈಠಕ್ಕಿಗೆ ಹೋದ ದಿನ

ನಿಜಾಮರ ಆಳ್ವಿಕೆ ಮುಗಿಯಲು ಇನ್ನೂ ಮೂರು ನಾಲ್ಕು ವರ್ಷ ಇದ್ದವು. ನಿಮ್ಮ ಅಪ್ಪ ಆಗಷ್ಟೇ ಗೋಡೆ ಹಿಡಿದು ನಡೆಯಲು ಕಲಿತಿದ್ದ. ಮಕ್ಕಳೇ, ಇದನ್ನು ನಾನು ಅವನಿಗೂ ಹೇಳಿಲ್ಲ. ಬಾಯಿಂದ ಹೇಳಲು ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಬೋನಾಳದ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದರು. ಬಲೆ ಹೆಣೆಯುವುದರಲ್ಲಿ ಅವರನ್ನು ಮೀರಿಸುವವರು ಇರಲಿಲ್ಲ. ಮೊದಲು ಈಚಲ ಗಿಡದ ಸೇಂದಿ ಕುಡಿಯುತ್ತಿದ್ದರು, ಆಮೇಲೆ ಸರಾಯಿ ಹಿಡಿಯಿತು. ಕೈ ನಡುಗಿ ಬಲೆಯ ಗಂಟು ಬೀಳದಾಯಿತು. ಆ ಸಿಟ್ಟು ನನ್ನ ಮೇಲೆ ಬರುತ್ತಿತ್ತು. ಒಂದು ಸಂಜೆ ಒದ್ದರು. ನನ್ನ ಹೊಟ್ಟೆಯಲ್ಲಿ ನಾಲ್ಕು ತಿಂಗಳ ಕೂಸಿತ್ತು. ಅದು ಉಳಿಯಲಿಲ್ಲ.

ಎದ್ದು ಓಡಾಡುವಂತಾದ ಮೇಲೆ ನಾನು ಒಂದು ತಪ್ಪು ಮಾಡಿದೆ. ಗುರುಮಠಕಲ್ ಕಡೆಯ ಒಬ್ಬ ಮುದುಕಿ ಕುಡಿತ ಬಿಡಿಸುವ ಮದ್ದು ಕೊಡುತ್ತಿದ್ದಳು. ಗಂಡನಿಗೆ ತಿಳಿಯದಂತೆ ಹಾಕಬೇಕು ಎಂದಿದ್ದಳು. ಅದನ್ನು ಹಿಟ್ಟಿನಲ್ಲಿ ಕಲಸಿ, ರೊಟ್ಟಿ ಬಡಿದು ಉಣಿಸಿದೆ. ಅವರಿಗೆ ಮೂರು ದಿನ ವಾಂತಿಯಾಯಿತು, ಕೊನೆಗೆ ರಕ್ತ ಬಂತು. “ಕೆಟ್ಟ ಸರಾಯಿ ಕುಡಿದಾರ,” ಎಂದು ಎಲ್ಲರಿಗೂ ಹೇಳಿದೆ. ಅತ್ತೆಯೂ ನಂಬಿದರು. ನಿಮ್ಮ ಅಜ್ಜ ಸಾಯಲಿಲ್ಲ. ಆದರೆ ಹದಿನೈದು ದಿನಕ್ಕೆ ಮತ್ತೆ ಕುಡಿದರು.

ಆ ತಿಂಗಳು ಬಳೆಗಾರ ಬಂದ. ನೀರು ಸೇದುವಾಗ ಬಳೆ ಒಡೆದವು ಎಂದೆ. ನನ್ನ ಕೈ ಹಿಡಿದು ಬಳೆ ಏರಿಸುತ್ತ, “ನೀರ ಸೇದೂವಾಗ ಒಡದ ಬಳಿ ಹಿಂಗ ಚರ್ಮ ಸೀಳೂದಿಲ್ಲ ತಂಗಿ,” ಎಂದ. ನಾನು ತಲೆ ತಗ್ಗಿಸಿದೆ. ಅವನು ದನಿ ಸಣ್ಣ ಮಾಡಿ, “ನಾನೂ ಕುಡದು ಮನ್ಯಾಗ ಬಳಿ ಒಡದಾಂವನ. ಈಗ ಬಿಟ್ಟೇನಿ. ಸುರಪುರದಾಗ ಕುಡಿಯೂದು ಬಿಟ್ಟವರ ಬೈಠಕ್ ಕೂಡತೈತಿ, ಸೋಮವಾರ ಮಧ್ಯಾಹ್ನ. ಸೇಂದಿ ಗಡಿಗ್ಯಾಗ ತುಳಸಿ ಹಚ್ಚಿದ ಮನಿ. ಕರಕೊಂಡು ಬಾ,” ಎಂದ.

ನಿಮ್ಮ ಅಜ್ಜ ಒಪ್ಪುವುದಿಲ್ಲ ಎಂದುಕೊಂಡೇ ಹೇಳಿದೆ. “ಸಂತ್ಯಾಗ ಎತ್ತು ತೋರಿಸಿದಂಗ ನನ್ನ ತೋರಿಸಾಕ ಹೊಂಟೀಯೇನ?” ಎಂದರು. ಆದರೆ ಸೋಮವಾರ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ತಾವೇ ಎದ್ದರು. ಕೂಸನ್ನು ಅತ್ತೆಯ ಬಳಿ ಬಿಟ್ಟು, ನಾನು ಅವರ ಹಿಂದೆ ಹತ್ತು ಮಾರು ದೂರದಲ್ಲಿ ನಡೆದೆ.

ಸುರಪುರದ ಓಣಿಗಳಲ್ಲಿ ಆ ಮನೆ ಸಿಗಲಿಲ್ಲ. ಅವರು ಯಾರನ್ನೂ ಕೇಳಲೊಲ್ಲರು. ಕೊನೆಗೆ ನಾನೇ ಸೆರಗು ಮುಂದೆ ಎಳೆದುಕೊಂಡು, ಕಟ್ಟೆಯ ಮೇಲೆ ಕೂತ ಹೆಂಗಸೊಬ್ಬಳನ್ನು ಕೇಳಿದೆ.

“ಬಿಟ್ಟವರ ಬೈಠಕ್ ಎಲ್ಲೈತ್ರಿ, ಯಕ್ಕಾ?”

“ಕುಡುಕರ ಮನಿ ಅನ್ನು,” ಎಂದು ನಕ್ಕಳು. ನಿಮ್ಮ ಅಜ್ಜನನ್ನು ಮೇಲಿಂದ ಕೆಳಗೆ ನೋಡಿ, “ಇಂವಾ ಏನು? ಸರಾಯಿ ಅಂಗಡಿ ಇಲ್ಲೇ ಹತ್ರ ಐತಿ, ಬೈಠಕ್ ದೂರ. ಆ ಹುಣಸಿ ಗಿಡ ದಾಟಿ ಹೋಗ್ರಿ,” ಎಂದಳು.

ಅದು ಒಬ್ಬ ಮುದುಕ ನೇಕಾರನ ಮನೆ. ಪಡಸಾಲೆಯಲ್ಲಿ ಏಳೆಂಟು ಗಂಡಸರು, ಬಳೆಗಾರನೂ ಇದ್ದ. ಒಳಗಿನ ಕೋಣೆಯಲ್ಲಿ, ಪರದೆಯ ಹಿಂದೆ ಅವರ ಹೆಂಡಂದಿರು. ನಾನೂ ಅಲ್ಲಿ ಹೋಗಿ ಕೂತೆ. ನೇಕಾರ ಹೇಳಿದ: “ಇಲ್ಲಿ ಯಾರೂ ಬುದ್ಧಿ ಹೇಳೂದಿಲ್ರಿ, ಯಾಕ ಅಂತ ಕೇಳೂದಿಲ್ರಿ. ಮಾಡಿದ್ದು ಹೇಳ್ರಿ. ಇಲ್ಲಿ ಕೇಳಿದ್ದು ಹೊಸ್ತಿಲ ದಾಟಬಾರದು.”

ಒಬ್ಬ ರೈತ ಹೇಳತೊಡಗಿದ. “ನಿಶೆದಾಗ ಎಮ್ಮಿ ಮಾರಿ ಕುಡದೆ. ಮರುದಿನ ಎಮ್ಮಿ ಕಳುವಾಗೇತಿ ಅಂತ ಪೊಲೀಸ್ ಪಾಟೀಲರ ಮುಂದ ಹೋಗಿ ಅತ್ತೇನ್ರಿ. ಎಮ್ಮಿ ಕೊಂಡಾಂವ ಅಲ್ಲೇ ಕುಂತಿದ್ದ.” ಎಲ್ಲರೂ ನಕ್ಕರು. ನನಗೂ ನಗು ಬಂತು.

ಆಮೇಲೆ ನಿಮ್ಮ ಅಜ್ಜನ ಸರದಿ.

“ನಾ ಒದ್ದೆ. ಆಕಿ ಹೊಟ್ಟ್ಯಾಗ ಕೂಸಿತ್ತು. ಸತ್ತುಹೋತು.”

ನಿಮ್ಮ ಅಜ್ಜನೇ ಮುಂದುವರಿಸಿದರು.

“ಆಮ್ಯಾಲ ಆಕಿ ರೊಟ್ಟ್ಯಾಗ ಮದ್ದು ಹಾಕಿದ್ಲು. ಕಲಸೂದು ನಾ ನೋಡಿದೆ. ಅವತ್ತು ನಿಶೆ ಇರಲಿಲ್ಲ ನನಗ. ಸಾಯಾಕ ಹಾಕ್ಯಾಳ ಅಂತನ ತಿಳಕೊಂಡೆ. ತಿಂದೆ.”

ರೂಢಿ ಮರೆತು ನೇಕಾರ ಕೇಳಿಬಿಟ್ಟ: “ಗೊತ್ತಿದ್ದೂ ಯಾಕ ತಿಂದ್ಯೋ ತಮ್ಮಾ?”

“ಒಲ್ಲೆ ಅನ್ನಾಕ ನನಗ ಬಾಯಿ ಎಲ್ಲಿತ್ರಿ?”

ಪರದೆಯ ಹಿಂದಿದ್ದ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು. ನನಗೆ ಏಳಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಬಳೆಗಾರನ ಹೆಂಡತಿ ನನ್ನ ಮಣಿಕಟ್ಟು ಹಿಡಿದು ಕೂತಳು.

ಬೋನಾಳಕ್ಕೆ ಮರಳುವಾಗಲೂ ನಾನು ಹತ್ತು ಮಾರು ಹಿಂದೆಯೇ ನಡೆದೆ. ಮನೆಗೆ ಬಂದು ರೊಟ್ಟಿ ಮಾಡಿ ಅವರ ಮುಂದಿಟ್ಟೆ. ಅವರು ರೊಟ್ಟಿಯನ್ನೇ ನೋಡುತ್ತ ಕೂತರು. ಗಂಡ ಉಂಡ ಮೇಲೆ ಹೆಂಡತಿ ಉಣ್ಣುವ ಕಾಲ ಅದು. ನಾನು ಆ ರೊಟ್ಟಿಯ ಅಂಚು ಮುರಿದು, ಅವರ ಎದುರಿಗೇ ತಿಂದೆ. ಆಮೇಲೆ ಅವರು ತಿಂದರು.

ಮುಂದೆ ಹದಿನಾರು ವರ್ಷ ಬದುಕಿದರು. ಎರಡು ಸಲ ಮತ್ತೆ ಕುಡಿದರು. ಎರಡೂ ಸಲ ತಾವೇ ಸುರಪುರಕ್ಕೆ ನಡೆದುಹೋಗಿ ಹೇಳಿ ಬಂದರು. ನನ್ನ ಮೇಲೆ ಮತ್ತೆ ಕೈ ಎತ್ತಲಿಲ್ಲ. ಬಲೆಯ ಗಂಟು ಮಾತ್ರ ಮೊದಲಿನಂತೆ ಬೀಳಲೇ ಇಲ್ಲ. ಅಷ್ಟು ವರ್ಷವೂ ದಿನಾ ಅವರ ರೊಟ್ಟಿಯ ಅಂಚು ಮುರಿದು ಮೊದಲು ನಾನು ತಿಂದೆ. ಸಾಕು ಬಿಡು ಎಂದು ಅವರು ಒಂದು ದಿನವೂ ಅನ್ನಲಿಲ್ಲ. ಅವರು ನನ್ನನ್ನು ಕ್ಷಮಿಸಿದ್ದರೋ ಇಲ್ಲವೋ ನಾನು ಕೇಳಲಿಲ್ಲ. ಆ ಕೂಸಿನ ವಿಷಯದಲ್ಲಿ ನಾನು ಅವರನ್ನು ಕ್ಷಮಿಸಿದೆನೋ ಇಲ್ಲವೋ, ಅದೂ ನನಗೆ ತಿಳಿಯದು.

ನಿಮಗೆ ಬಡಿಸುವಾಗಲೂ ನನ್ನ ಕೈ ಮೊದಲು ಒಂದು ತುಂಡು ಮುರಿದುಕೊಳ್ಳುತ್ತದೆ. ಅಜ್ಜಿಗೆ ಹಸಿವು ತಡೆಯುವುದಿಲ್ಲ ಎಂದು ನೀವು ನಗುತ್ತೀರಿ. ನಗಿರಿ ಮಕ್ಕಳೇ. ನೀವು ನಕ್ಕಾಗಲೆಲ್ಲ ಆ ತುಂಡು ಗಂಟಲಲ್ಲಿ ಸ್ವಲ್ಪ ಸಲೀಸಾಗಿ ಇಳಿಯುತ್ತದೆ.