ಹತ್ತೂವರೆಯೊಳಗೆ ಇಟ್ಟ ಮಾತ್ರೆ

ನಮ್ಮತ್ತೆ ಪರದೇಶದಲ್ಲಿ ನಾವಿರುವ ಪುಚೊಂಗಿಗೆ ಬಂದಿದ್ದು ಎರಡು ತಿಂಗಳ ಮಟ್ಟಿಗೆ. ಲಾಕ್‌ಡೌನಾಗಿ ವಿಮಾನ ನಿಂತು, ಎಂಟು ತಿಂಗಳಾದರೂ ನಮ್ಮಲ್ಲೇ ಇದ್ದರು. ಜೊತೆಗೆ ಅವರು ಮೈಸೂರಿಂದ ತಂದ ಪಂಚಾಂಗದ ಕ್ಯಾಲೆಂಡರು. ರಾಹುಕಾಲದಲ್ಲಿ ಮಮಾಕ್ ಹೋಟೆಲಿಂದ ಊಟ ತಾಪಾವ್ ಮಾಡಿಸಿ, ಅಂದ್ರೆ ಕಟ್ಟಿಸಿಕೊಂಡು, ತರೋಕೂ ಬಿಡ್ತಿರಲಿಲ್ಲ!

ನಮ್ಮೆಜಮಾನರಿಗೆ ಬೆನ್ನುನೋವಿನ ಮಾತ್ರೆಯಿಂದ ಹತ್ತಿದ ಚಟ. ಅದನ್ನು ಬಿಡಿಸಲು ಕ್ಲಿನಿಕ್ಕಿನಲ್ಲಿ ದಿನಾ ಮೆಥಡೋನ್ ಕುಡಿಸುತ್ತಿದ್ದರು. ದಾರಿಯುದ್ದಕ್ಕೂ ಪೊಲೀಸರಿಗೆ ಕ್ಲಿನಿಕ್ಕಿನ ಪತ್ರ ತೋರಿಸಿ ತೋರಿಸಿ ಸಾಕಾಗಿಹೋಗಿತ್ತು. ಮನೆಯಲ್ಲೇ ನಾಲಿಗೆ ಕೆಳಗಿಟ್ಟುಕೊಳ್ಳುವ ಬೇರೆ ಮಾತ್ರೆಗೆ ಬದಲಾಯಿಸೋಣ ಅಂದರು ಡಾಕ್ಟರು. ವಾರಗಟ್ಟಲೆ ಮೆಥಡೋನ್ ಡೋಸ್ ಇಳಿಸಿ, ಕೊನೆಗೆ ನಿಲ್ಲಿಸಿದರು. "ಬೆವರು, ನಡುಕ ಚೆನ್ನಾಗಿ ಬರುವ ತನಕ ಹೊಸ ಮಾತ್ರೆ ಮುಟ್ಟಬೇಡಿ. ಹಳೆಯದು ಮೈಯಿಂದ ಇಳಿಯುವ ಮೊದಲೇ ಇಟ್ಟರೆ ನರಕ. ಶುಕ್ರವಾರ ಮಧ್ಯಾಹ್ನ ನಾನೇ ಫೋನ್ ಮಾಡ್ತೀನಿ" ಅಂದಿದ್ದರು.

ಅತ್ತೆಗೆ ಮಾತ್ರ, ಬೆನ್ನುನೋವಿಗೆ ಹೊಸ ಔಷಧ ಅಂತ ಹೇಳಿದ್ದೆವು.

ಶುಕ್ರವಾರ ಬೆಳಿಗ್ಗೆಯೇ ಶುರುವಾಯ್ತು. "ಹೊಸ ಔಷಧ ರಾಹುಕಾಲದಲ್ಲಿ ಯಾರಾದ್ರೂ ಶುರು ಮಾಡ್ತಾರೇನೇ? ಆಮೇಲೆ ಮಧ್ಯಾಹ್ನ ಯಮಗಂಡ ಬೇರೆ. ಹತ್ತೂವರೆಯೊಳಗೆ ಕೊಟ್ಟುಬಿಡು."

"ಡಾಕ್ಟರು ಹೇಳಬೇಕು ಅತ್ತೆ."

"ಡಾಕ್ಟರಿಗೇನು ಗೊತ್ತು ರಾಹುಕಾಲ?"

ಇದನ್ನೇ ಹತ್ತು ಸಲ. ಇವರಿಗಿನ್ನೂ ಆಕಳಿಕೆ ಶುರುವಾಗಿತ್ತು ಅಷ್ಟೇ, ಬೆವರು, ನಡುಕ ಬಂದಿರಲಿಲ್ಲ. "ಕೊಡೇ ಅತ್ಲಾಗೆ, ಅಮ್ಮನ ವರಾತ ಮುಗೀಲಿ" ಅಂದರು. ನನಗೂ ತಲೆ ಕೆಟ್ಟುಹೋಗಿತ್ತು. ಹತ್ತು ಇಪ್ಪತ್ತಕ್ಕೆ ನಾನೇ ಕೊಟ್ಟೆ. ನನಗೇನು ಬಂದಿತ್ತು ದೊಡ್ಡರೋಗ!

ಅರ್ಧ ಗಂಟೆಯೊಳಗೆ ವಾಂತಿ, ಭೇದಿ, ಹಲ್ಲು ಕಟಕಟ. "ಈ ಹೊಸದು ಬೇಡವೇ ಬೇಡ, ನಾನು ಹೋಗಿ ಆ ನೋವಿನ ಮಾತ್ರೇನೇ ತರ್ತೀನಿ" ಅಂತ ಕಾರಿನ ಕೀಲಿಗೆ ಹುಡುಕಾಡಿದರು. ತಂದಿದ್ದರೆ ಎರಡು ವರ್ಷದ ಒದ್ದಾಟವೆಲ್ಲ ನೀರುಪಾಲು. ಕೀಲಿಯನ್ನು ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟು ಡಾಕ್ಟರಿಗೆ ಫೋನ್ ಮಾಡಿದೆ. ಚೆನ್ನಾಗಿ ಬೈದರು. "ಹಳೇದಕ್ಕೆ ಮಾತ್ರ ವಾಪಸ್ ಹೋಗಬೇಡಿ, ಮುಂದಿನ ಮಾತ್ರೆ ನಾನು ಹೇಳಿದಾಗ ಇಡಿ" ಅಂದರು.

ಬಕೆಟ್ ಹಿಡಿದು ಕೂತಿದ್ದ ಅತ್ತೆಯ ಮೇಲೆ ಹರಿಹಾಯ್ದೆ. "ಎಲ್ಲಾ ನಿಮ್ಮ ರಾಹುಕಾಲದಿಂದ! ಇದು ಬೆನ್ನುನೋವಿಗಲ್ಲ ಅತ್ತೆ, ಚಟ ಬಿಡಿಸೋ ಔಷಧ. ಕಾಯಬೇಕಿತ್ತು!"

ಅತ್ತೆ ಮಗನ ಮುಖ ಒರೆಸುತ್ತಲೇ ಇದ್ದರು. "ನಂಗೆ ಹೇಳಿದ್ದಿದ್ರೆ ನಾನೇ ಕಾಯಿಸ್ತಿದ್ದೆನಲ್ಲೇ" ಅಂದರು. ಬಕೆಟ್ ನನ್ನ ಕೈಗೆ ಕೊಟ್ಟು, ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತರು.

ಈಗ ಇಡಿ ಅಂತ ಡಾಕ್ಟರ ಫೋನ್ ಬಂದಾಗ ಮೂರೂಕಾಲು. ಶುಕ್ರವಾರದ ಯಮಗಂಡ ಕಾಲ, ಅತ್ತೆಯ ಪಾಲಿಗೆ ರಾಹುಕಾಲಕ್ಕಿಂತ ಕೆಟ್ಟದ್ದು. ಅವರು ಗಡಿಯಾರದ ಕಡೆ ನೋಡಲೇ ಇಲ್ಲ. ಮಾತ್ರೆ ತಾವೇ ಕೈಗೆ ತೆಗೆದುಕೊಂಡು, "ಬಾಯಿ ತೆಗಿಯೋ ಮಗನೇ" ಅಂದರು.